ಮುಖಪತ್ರದ ಮೇಲಣ ಹೆಸರು

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಯಾತ್ರೆ ಮಾಡಿದವನೇ ಯಾತ್ರಾಗ್ರಂಥದ ಕರ್ತೃವಾಗಬೇಕೆಂಬ ನಿಯಮವೇನೂ ಇರಲಿಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್ಕನ ಮೊದಲ ಸಾಗರಯಾತ್ರೆಯ ದಿನಚರಿಯನ್ನು ಇಂಗ್ಲೆಂಡಿನ ನೌಕಾಡಳಿತವು ಜಾನ್ ಹಾಕ್ಸ್‌ವರ್ತ್ ಎಂಬ ಪತ್ರಿಕಾಲೇಖಕನ ವಶಕ್ಕೆ ಕೊಟ್ಟಿತು. ಆ ಹಡಗನ್ನು ಏರಿಯೇ ಅರಿಯದ ಆ ಗೃಹಸ್ಥನು ಸ್ವತಃ ಕುಕ್ಕನೇ ನುಡಿಯುತ್ತಿರುವಂತೆ ‘ನಾನು’ ಎಂದು ಬರೆದು, 1773ರಲ್ಲಿ ಅಚ್ಚಾದ ಆ ಸಂಪುಟಗಳಿಗಾಗಿ ಪ್ರಕಾಶಕರಿಂದ 6,000 ಪೌಂಡುಗಳನ್ನು ಪಡೆದನು. ಎರಡನೆಯ ಯಾತ್ರೆಯ ವೃತ್ತಾಂತವನ್ನು ಕುಕ್ ತಾನೇ ಬರೆಯಲು ಕುಳಿತುದರಲ್ಲಿ ಸೋಜಿಗವೇನಿದೆ?

ನಮ್ಮ ಮಲೆನಾಡಿನ ಮಗ್ಗುಲಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ನನ ಕಥೆಯೇ ಬೇರೆ. ಟಿಪ್ಪುವಿನ ಪತನದ ಮರುವರ್ಷ, 1800ರ ಏಪ್ರಿಲಿನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮದರಾಸಿನಿಂದ ಹೊರಟ ಈ ವೈದ್ಯನು, ಸಸ್ಯಶಾಸ್ತ್ರವನ್ನೂ ಬಲ್ಲವನು, ಮರುವರ್ಷ ಬಂಟ್ವಾಳ, ಜಮಾಲಾಬಾದು, ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮಾರ್ಗವಾಗಿ ಘಟ್ಟದ ಬುಡದಲ್ಲೇ ಬಡಗಣಕ್ಕೆ ನಡೆದು, ಉತ್ತರ ಕನ್ನಡದ ಕಡೆ ಘಟ್ಟವನ್ನೇರಿ, ಇಕ್ಕೇರಿ, ನಗರ, ಕವಲೇದುರ್ಗಗಳನ್ನು ನೋಡಿಕೊಂಡು ಶಿವಮೊಗ್ಗೆಯತ್ತ ಇಳಿದನು. ಕುದುರೆಮುಖ, ಕಳಸ, ಮೂಡಿಗೆರೆಯ ಮಲೆಗಳು ಈ ಪಯಣದುದ್ದಕ್ಕೂ ಅವನ ಬಲಗಡೆಗೇ ಉಳಿದುವು. ದೇವರಿಗೆ ಅರ್ಧ ಪ್ರದಕ್ಷಿಣೆ ಹಾಕಿ ಗರ್ಭಗುಡಿಯನ್ನು ನೋಡದೆ ಹಿಂದಿರುಗಿದ ಭಕ್ತನ ಹಾಗೆ. ಬಿತ್ತನೆಯ ಅಳತೆ, ಗೇಣಿ, ಕೂಲಿ, ಅಡಕೆ ಮೆಣಸುಗಳ ಧಾರಣೆ ಇವನ್ನೆಲ್ಲ ಬೇಸರವಿಲ್ಲದೆ ಕೇಳಿ ಬರೆದುಕೊಳ್ಳುತ್ತಿದ್ದ ಇಂಥವನು ಕಳಸದ ತೋಟಗಳಿಗೆ ಬಾರದೆ ಹೋದುದು ನಮಗಂತೂ ನಷ್ಟವೇ.

1807ರಲ್ಲಿ ಅವನ ಗ್ರಂಥವು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮುಖಪತ್ರವನ್ನು ನೋಡಬೇಕು: ಮೈಸೂರು, ಕೆನರಾ, ಮಲೆಯಾಳ ದೇಶಗಳ ಹೆಸರು, ಆಜ್ಞಾಪಿಸಿದ ಮಹಾಪ್ರಭುವಿನ ಬಿರುದು, ಕೃಷಿ, ಕೈಗಸುಬು, ವಾಣಿಜ್ಯ, ಮತಾಚಾರ, ಇತಿಹಾಸ, ಪ್ರಾಚೀನಾವಶೇಷಗಳೆಂಬ ವಿಷಯಾನುಕ್ರಮಣಿಕೆ, ಎಲ್ಲವೂ ಆ ಒಂದೇ ಪುಟದಲ್ಲಿ ತುಂಬಿಕೊಂಡಿವೆ. ಬುಕನನ್ನನಿಗಾದರೋ ತನ್ನ ದಿನಚರಿಯನ್ನು ಸಂಕ್ಷೇಪಿಸಿ ಬೇರೊಂದು ಕ್ರಮದಲ್ಲಿ ಜೋಡಿಸಬೇಕೆಂಬ ಉದ್ದೇಶವಿದ್ದಿತು. ಆದರೆ ಬೇರೆ ಕಾರ್ಯಭಾರ ಬಂದೊದಗಿ ಹಸ್ತಪ್ರತಿಯನ್ನು ಇದ್ದಂತೆಯೇ ಕಂಪೆನಿಯ ನಿರ್ದೇಶಕರಿಗೆ ಕಳುಹಿಸಿದ್ದನಾಗಿ, ಅವನು ಇಂಗ್ಲೆಂಡನ್ನು ಮುಟ್ಟುವ ವೇಳೆಗೆ ಮುದ್ರಣವು ಆಗಲೇ ಸಾಗಿಬಿಟ್ಟಿತ್ತು. ಕರ್ತೃವಿಗೆ ಅತೃಪ್ತಿಯನ್ನುಂಟುಮಾಡಿದ ಈ ಅವಸರವೇ ನಮ್ಮ ಪಾಲಿಗೆ ವರವಾಯಿತೆಂದು ನನ್ನ ಅಭಿಪ್ರಾಯ. ವಿಷಯವಾರು ವಿಂಗಡಿಸಿ ನಯಗೊಳಿಸಿದ್ದರೆ ಉತ್ತರ ಹೇಳಿದ ಗೌಡರು, ಶಾನುಭೋಗರು, ಜೈನರು ಬಹುಮಟ್ಟಿಗೆ ಅಳಿಸಿಹೋಗುತ್ತಿದ್ದರು. ರಾಜವಂಶಗಳ ವಿಷಯದಲ್ಲಿ ‘ರಾಯಪದ್ಧತಿ’ ಎಂಬ ಹಸ್ತಪ್ರತಿಯನ್ನು ಒದಗಿಸಿದ ರಾಮಪ್ಪ ವರ್ಮಿಕನ ಹೆಸರು ಉಳಿಯುತ್ತಿತ್ತೋ ಇಲ್ಲವೋ.

ಅದೇ ಕಾಲದಲ್ಲಿ ಮೈಸೂರು ಸೀಮೆಯ ಮೋಜಣಿಗೆ ತೊಡಗಿದ್ದ ಕಾಲಿನ್ ಮೆಕೆಂಜಿಯು ಕೈಫಿಯತ್ತು, ಶಾಸನ, ತಾಳೆಯೋಲೆಗಳನ್ನು ರಾಶಿರಾಶಿಯಾಗಿ ಕೂಡಿಹಾಕಿದನೇ ಹೊರತು ತಾನಾಗಿ ಒಂದು ದೊಡ್ಡ ಗ್ರಂಥವನ್ನು ಬರೆಯಲಿಲ್ಲ. ಅವನ ಬಲಗೈಯಾಗಿದ್ದವನು ಕಾವಲಿ ವೆಂಕಟ ಬೋರಯ್ಯನೆಂಬ ತೆಲುಗು ಬ್ರಾಹ್ಮಣ. ಜೈನ ಪುರೋಹಿತನೊಬ್ಬನಿಂದ ಸಂಗ್ರಹಿಸಿದ ಮತವೃತ್ತಾಂತವೊಂದು ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ, ಅನುವಾದಕ ಬೋರಯ್ಯನೆಂಬ ಸ್ಪಷ್ಟೋಲ್ಲೇಖದೊಡನೆ, ಅಚ್ಚಾಗಿದೆ. 1803ರಲ್ಲೇ ತೀರಿಕೊಂಡ ಬೋರಯ್ಯ ಅದನ್ನು ಕಾಣಲಿಲ್ಲ. ಪುರೋಹಿತನ ಹೆಸರಂತೂ ಅಲ್ಲಿಲ್ಲ. ಊರಿನ ಹೆಸರು ಮಾತ್ರ ‘ಮುದ್ಗೇರಿ’ ಎಂದು ಬಿದ್ದಿದೆ. ನಮ್ಮ ಮೂಡಿಗೆರೆಯೇ ಎಂದು ಹಿಗ್ಗಲು ಮನಸ್ಸು ತವಕಿಸುತ್ತದೆಯಾದರೂ, ಆ ಇಂಗ್ಲಿಷ್ ಕಾಗುಣಿತ ಮಧುಗಿರಿಗೂ ಅಷ್ಟೇ ಚೆನ್ನಾಗಿ ಒಪ್ಪುವುದರಿಂದ ಮೂಡಿಗೆರೆಯವರು ತುಸು ತಾಳುವುದು ಲೇಸು.

ಕನ್ನಡ ನಾಡನ್ನು ಕುರಿತ ಇಂಥ ಪುಸ್ತಕಗಳು ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದಾಗ ಕನ್ನಡಕ್ಕಿನ್ನೂ ಅಚ್ಚಿನ ಬಳಕೆ ಆಗಿರಲಿಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಶ್ರೀರಾಮಪುರದಲ್ಲಿ ಹೊರಬಂದಾಗಲೂ ಅದು ಇಂಗ್ಲಿಷ್ ಬಲ್ಲ ಕಲಿಕೆಯವರಿಗಾಗಿ ಬರೆದುದು. ಕಳಸದ ಸರದಿ ಇನ್ನೂ ತಡವಾಗಿ, 1901ರಲ್ಲಿ, ಬಿ. ಎಲ್. ರೈಸರು ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ಣಾಟಿಕಾ’ದ ಆರನೆಯ ಸಂಪುಟವಾಗಿ ಪ್ರಕಟಿಸಿದಾಗ ಬಂದಿತು. ಬುಕನನ್ ನೋಡದೆ ಹೋದ ಕಳಸವನ್ನು ಆಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರು ತಮ್ಮ ಕಲ್ಲಿನ ದಾನಪತ್ರಗಳೊಡನೆ ಆ ಸಂಪುಟದ ಮೂಲಕ ಮೊದಲ ಬಾರಿಗೆ ಗ್ರಂಥಾಲಯಗಳ ಕಪಾಟುಗಳನ್ನು ಸೇರಿದರು.