ಬನಾರಸ್ ರೇಷ್ಮೆಯ ಬಣ್ಣ ಮತ್ತು ಗಂಗೆಯ ನೀರು

ಬನಾರಸ್ ಸೀರೆ ಕನ್ನಡ ನಾಡಿನ ಮದುವೆ ಮನೆಗಳಿಗೆ ಅಪರಿಚಿತವಲ್ಲ. ವಾರಾಣಸಿಯ ಮಗ್ಗಗಳಿಗೂ ಕರ್ನಾಟಕಕ್ಕೂ ಇನ್ನೊಂದು ನಂಟೂ ಇದೆ. ನಮ್ಮ ರೈತರು ಬೆಳೆದ ಗೂಡಿನಿಂದ ತೆಗೆದ ಹಿಪ್ಪುನೇರಳೆ ರೇಷ್ಮೆ ನೂಲು ಬಹುಕಾಲದಿಂದ ಆ ನಗರದ ನೇಕಾರರನ್ನು ತಲುಪುತ್ತಿದೆ. ಗೂಡಿಗೂ ಮಗ್ಗಕ್ಕೂ ನಡುವೆ ನಡೆಯುವ ಒಂದು ಮುಖ್ಯ ಕೆಲಸವೆಂದರೆ ನೂಲಿಗೆ ಬಣ್ಣ ಹಾಕುವುದು. ಸೀರೆಯ ಅಂದವನ್ನು ಮೆಚ್ಚುವವರ ಗಮನಕ್ಕೆ ಈ ಕೆಲಸ ಬರುವುದು ಅಪರೂಪ. ಆದರೆ ನದಿಯ ನೀರಿಗೂ ಕೆಲಸಗಾರನ ಆರೋಗ್ಯಕ್ಕೂ ಅತಿ ಹತ್ತಿರದ ಸಂಬಂಧವಿರುವುದು ಈ ಹಂತಕ್ಕೇ.

ಮದನಪುರ, ಅಲೈಪುರ ಮೊದಲಾದ ನೇಕಾರರ ಬಡಾವಣೆಗಳ ಸುತ್ತಮುತ್ತ ಬಣ್ಣ ಹಾಕುವ ಕೆಲಸ ಬಹುತೇಕ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ಒಂದು ಕೋಣೆ, ಒಂದೆರಡು ಒಲೆ, ಕೆಲವು ಕಡಾಯಿಗಳು ಮತ್ತು ಮನೆಯವರ ದುಡಿಮೆಯೇ ಇದರ ಬಂಡವಾಳ. ಬಳಸಿದ ನೀರು ಓಣಿಯ ಚರಂಡಿಗೆ ಹರಿದು ಹೋಗುತ್ತದೆ. ನಗರದ ಚರಂಡಿಗಳ ಇಳಿಜಾರು ಕೊನೆಗೆ ವರುಣಾ ಮತ್ತು ಗಂಗಾ ನದಿಗಳ ಕಡೆಗೇ ಇದೆ.

ಚರಂಡಿಗೆ ಸೇರುವುದೇನು?

ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು ಇರುತ್ತದೆ. ಸಾಬೂನು ಮತ್ತು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೂಲನ್ನು ಕುದಿಸಿ ಈ ಅಂಟನ್ನು ತೆಗೆದ ನಂತರವೇ ಹೊಳಪು ಬರುತ್ತದೆ. ಉಳಿದ ಕ್ಷಾರಯುಕ್ತ ನೀರು ಚರಂಡಿಯಲ್ಲಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಕಬಳಿಸುತ್ತದೆ. ಅನಂತರ ನೂಲಿಗೆ ಬಣ್ಣ ಹಾಕುವಾಗ, ಎಳೆ ಹೀರಿಕೊಳ್ಳದೆ ಬಿಟ್ಟ ಬಣ್ಣವೂ ಇದೇ ಹಾದಿ ಹಿಡಿಯುತ್ತದೆ.

ವಾರಾಣಸಿಯಲ್ಲಿ 1986ರ ಜೂನ್ 14ರಂದು ಗಂಗಾ ಕ್ರಿಯಾ ಯೋಜನೆಗೆ ಚಾಲನೆ ನೀಡಲಾಯಿತು. ದೀನಾಪುರದಲ್ಲಿ ಚರಂಡಿ ನೀರಿನ ಶುದ್ಧೀಕರಣ ಘಟಕ ಸ್ಥಾಪಿತವಾಯಿತು. ದಿನಕ್ಕೆ 14 ಕೋಟಿ ಲೀಟರ್ ಸಾಮರ್ಥ್ಯದ ಇನ್ನೊಂದು ಘಟಕವು 2018ರಲ್ಲಿ ಅಲ್ಲಿಯೇ ಉದ್ಘಾಟನೆಯಾಯಿತು. ಇಂತಹ ಘಟಕಗಳು ಮುಖ್ಯವಾಗಿ ಸೂಕ್ಷ್ಮಜೀವಿಗಳ ನೆರವಿನಿಂದ ಮನೆಬಳಕೆಯ ಕೊಳೆಯನ್ನು ವಿಘಟಿಸುತ್ತವೆ. ಬಿಸಿಲಿಗೂ ತೊಳೆತಕ್ಕೂ ಮಾಸಬಾರದೆಂದೇ ತಯಾರಿಸಲಾದ ವರ್ಣದ್ರವ್ಯವನ್ನು ಒಡೆಯುವುದು ಅವುಗಳಿಗೆ ಸುಲಭವಲ್ಲ. ಆದ್ದರಿಂದ ಬಣ್ಣವನ್ನು ಕಡಾಯಿಯಲ್ಲಿಯೇ ಉಳಿತಾಯ ಮಾಡುವುದು ಹೆಚ್ಚು ಸುಲಭ, ಹೆಚ್ಚು ಅಗ್ಗ.

ಲೆಕ್ಕದಲ್ಲಿಯೇ ಲಾಭ

ಒಂದು ಉದಾಹರಣೆಯನ್ನು ನೋಡಬಹುದು. 1 ಕಿಲೋಗ್ರಾಂ ನೂಲಿಗೆ 20 ಗ್ರಾಂ ಬಣ್ಣ ಹಾಕಲಾಗಿದೆ ಎನ್ನೋಣ. ನೂಲು ಅದರಲ್ಲಿ ನೂರಕ್ಕೆ 80 ಭಾಗವನ್ನು ಮಾತ್ರ ಹೀರಿದರೆ 4 ಗ್ರಾಂ ಚರಂಡಿಯ ಪಾಲು. 95 ಭಾಗವನ್ನು ಹೀರಿದರೆ ಚರಂಡಿಗೆ ಹೋಗುವುದು 1 ಗ್ರಾಂ ಮಾತ್ರ. ಹೀಗೆ ನದಿಗೆ ಸೇರುವ ಬಣ್ಣವೆಲ್ಲವೂ ಬಣ್ಣಗಾರನು ಹಣ ಕೊಟ್ಟು ತಂದದ್ದೇ.

ಈ ನಷ್ಟವನ್ನು ತಗ್ಗಿಸಲು ದುಬಾರಿ ಯಂತ್ರಗಳು ಬೇಕಿಲ್ಲ. ಬಣ್ಣವನ್ನು ಕಣ್ಣಂದಾಜಿನಿಂದ ಸುರಿಯದೆ ತಕ್ಕಡಿಯಲ್ಲಿ ತೂಗಬೇಕು. ರೇಷ್ಮೆಗೆ ಬಳಸುವ ಆಮ್ಲ ವರ್ಣಗಳು ಎಳೆಗೆ ಚೆನ್ನಾಗಿ ಹಿಡಿಯಬೇಕಾದರೆ ನೀರು ತಕ್ಕಷ್ಟು ಆಮ್ಲೀಯವಾಗಿಯೂ ಬಿಸಿಯಾಗಿಯೂ ಇರಬೇಕು. ಉಷ್ಣಮಾಪಕ ಮತ್ತು ಆಮ್ಲತೆಯನ್ನು ತೋರಿಸುವ ಕಾಗದದ ಪಟ್ಟಿಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಅಸಿಟಿಕ್ ಆಮ್ಲವನ್ನು ಒಮ್ಮೆಗೇ ಹಾಕದೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಸಾಕಷ್ಟು ಹೊತ್ತು ನೂಲನ್ನು ತಿರುವಿದರೆ ಕಡಾಯಿಯ ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ. ತಿಳಿ ಬಣ್ಣಗಳನ್ನು ಮೊದಲು, ಗಾಢ ಬಣ್ಣಗಳನ್ನು ಅನಂತರ ಹಾಕುವ ಕ್ರಮದಿಂದ ಪಾತ್ರೆ ತೊಳೆಯುವ ನೀರು ಉಳಿಯುತ್ತದೆ. ಉಳಿದ ಬಣ್ಣದ ನೀರನ್ನು ಮುಂದಿನ ಲಡಿಗಳಿಗೆ ಮತ್ತೆ ಬಳಸಲೂ ಸಾಧ್ಯವಾಗುತ್ತದೆ.

ನೀರಿನ ಉಳಿತಾಯವು ಇಂಧನದ ಉಳಿತಾಯವೂ ಹೌದು. 10 ಕಿಲೋಗ್ರಾಂ ನೂಲಿಗೆ 300 ಲೀಟರಿನ ಬದಲು 200 ಲೀಟರ್ ನೀರು ಸಾಕೆನಿಸುವಂತಹ ಪಾತ್ರೆಯನ್ನು ಆರಿಸಿಕೊಂಡರೆ 100 ಲೀಟರ್ ನೀರನ್ನು ಕಾಯಿಸುವುದು ತಪ್ಪುತ್ತದೆ. ಇಷ್ಟು ನೀರನ್ನು 25 ಡಿಗ್ರಿಯಿಂದ 85 ಡಿಗ್ರಿಗೆ ಏರಿಸಲು, ಒಲೆಯ ಅರ್ಧದಷ್ಟು ಶಾಖ ಸೋರಿಹೋಗುವುದೆಂದು ಭಾವಿಸಿದರೆ, ಸುಮಾರು 1 ಕಿಲೋಗ್ರಾಂ ಅಡುಗೆ ಅನಿಲ ಬೇಕಾಗುತ್ತದೆ. ಹೊಗೆಕೊಳವೆಯುಳ್ಳ ಒಲೆ ಮತ್ತು ಸೌರ ಜಲತಾಪಕದಿಂದ ಮೊದಲೇ ಬೆಚ್ಚಗಾದ ನೀರು ಇದ್ದರೆ ಸೌದೆಯ ವೆಚ್ಚವೂ ಕೋಣೆಯ ಹೊಗೆಯೂ ತಗ್ಗುತ್ತವೆ.

ಕೆಲಸಗಾರನ ಆರೋಗ್ಯ

ಬೆಂಜಿಡೀನ್ ಎಂಬ ರಾಸಾಯನಿಕವು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂಬುದು ದೃಢಪಟ್ಟಿದೆ. ಅದನ್ನು ಆಧರಿಸಿದ ವರ್ಣಗಳೂ ಸೇರಿದಂತೆ 112 ವರ್ಣಗಳನ್ನು ಭಾರತ ಸರ್ಕಾರವು 1990ರ ದಶಕದಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯಡಿ ನಿಷೇಧಿಸಿತು. ಹೆಸರು, ತಯಾರಕರ ವಿಳಾಸ ಯಾವುದೂ ಇಲ್ಲದ ಬಿಡಿ ಪೊಟ್ಟಣದ ಬಣ್ಣವನ್ನು ಕೊಳ್ಳದಿರುವುದೇ ಕ್ಷೇಮ. ಪುಡಿಯನ್ನು ತೂಗುವಾಗ ಮೂಗು-ಬಾಯಿಗೆ ಮುಸುಕು, ಕೈಗಳಿಗೆ ರಬ್ಬರ್ ಗವಸು ಧರಿಸಬೇಕು. ಕೆಲಸದ ಕೋಣೆಯಲ್ಲಿ ಊಟ ಮಾಡುವುದು, ಮಕ್ಕಳನ್ನು ಆಡಲು ಬಿಡುವುದು ಸಲ್ಲದು.

ಅರಿಶಿನ, ಮಂಜಿಷ್ಠ, ನೀಲಿ ಮುಂತಾದ ಸಸ್ಯಜನ್ಯ ಬಣ್ಣಗಳಿಗೆ ಈಗ ಬೇಡಿಕೆ ಇದೆ. ಆದರೆ ಸಸ್ಯಜನ್ಯವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯಕಾರಿಯಾಗದು. ಬಣ್ಣ ನಿಲ್ಲಿಸಲು ಕ್ರೋಮಿಯಂ ಅಥವಾ ತಾಮ್ರದ ಲವಣಗಳನ್ನು ಬಳಸಿದರೆ ಅವು ನೀರನ್ನು ಕೆಡಿಸುತ್ತವೆ. ಈ ಕಾರ್ಯಕ್ಕೆ ಪಟಿಕವನ್ನು ಮಿತವಾಗಿ ಬಳಸುವುದು ಲೇಸು.

ಹೊಣೆ ಯಾರದು?

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಬಣ್ಣದ ನೀರು ಉಳಿದೇ ಉಳಿಯುತ್ತದೆ. ಅದನ್ನು ತೊಟ್ಟಿಯಲ್ಲಿ ಸಂಗ್ರಹಿಸಿ, ಆಮ್ಲ-ಕ್ಷಾರಗಳನ್ನು ಸಮಗೊಳಿಸಿ, ಸುಣ್ಣ ಅಥವಾ ಪಟಿಕದಿಂದ ಕೊಳೆಯನ್ನು ತಳಕ್ಕೆ ಇಳಿಸಬಹುದು. ತಳದಲ್ಲಿ ನಿಂತ ರಾಡಿ ವಿಷಯುಕ್ತವಾದುದರಿಂದ ಅದನ್ನು ಬಯಲಿನಲ್ಲಿ ಸುರಿಯುವಂತಿಲ್ಲ. ಒಂದೇ ಕೋಣೆಯಲ್ಲಿ ದುಡಿಯುವ ಕುಟುಂಬಕ್ಕೆ ಈ ವ್ಯವಸ್ಥೆಗೆ ಬೇಕಾದ ಸ್ಥಳವೂ ಇಲ್ಲ, ಹಣವೂ ಇಲ್ಲ. ಹತ್ತಾರು ಬಣ್ಣಗಾರರು ಒಗ್ಗೂಡಿ ನಡೆಸುವ ಸಾಮೂಹಿಕ ಬಣ್ಣದ ಮನೆ ಮತ್ತು ಶುದ್ಧೀಕರಣ ತೊಟ್ಟಿಯೇ ಇದಕ್ಕೆ ಸೂಕ್ತ ಮಾರ್ಗ. ತಾಂತ್ರಿಕ ಸಲಹೆಗಾಗಿ ವಾರಾಣಸಿಯಲ್ಲಿಯೇ ನೇಕಾರರ ಸೇವಾ ಕೇಂದ್ರ ಮತ್ತು ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಗಳಿವೆ.

ಬನಾರಸ್ ಸೀರೆಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರಿನ ಬೆಲೆಯಲ್ಲಿ ಒಂದು ಪಾಲು ಬಣ್ಣಗಾರನಿಗೆ ತಲುಪದಿದ್ದರೆ ಸುರಕ್ಷಿತ ಬಣ್ಣದ ಖರ್ಚನ್ನು ಆತನೊಬ್ಬನೇ ಹೊರಲಾರ. ನೂಲು ಕೊಟ್ಟು ಕೆಲಸ ಮಾಡಿಸುವ ವ್ಯಾಪಾರಿಯೂ ಸೀರೆ ಕೊಳ್ಳುವ ಗ್ರಾಹಕರೂ ಬಣ್ಣ ಯಾವುದೆಂದು ವಿಚಾರಿಸುವುದು, ಅದಕ್ಕೆ ತಕ್ಕ ಬೆಲೆ ಕೊಡುವುದು ಅಗತ್ಯ. ಇಳಕಲ್ಲು, ಮೊಳಕಾಲ್ಮೂರುಗಳಲ್ಲಿ ಲಡಿಗಳಿಗೆ ಬಣ್ಣ ಹಾಕುವ ನಮ್ಮ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ತಕ್ಕಡಿ, ಉಷ್ಣಮಾಪಕ ಮತ್ತು ಒಂದು ಮುಚ್ಚಳವಿರುವ ಕಡಾಯಿ. ಈ ಸುಧಾರಣೆಯನ್ನು ಇಷ್ಟರಿಂದಲೇ ಆರಂಭಿಸಬಹುದು.