ಎರಡು ಶಹಾಪುರ, ಒಂದು ಪ್ರಶ್ನೆ



ಸಂಘದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ನಮ್ಮ ತಂಗಿ ಮಗಳು ಯಾದಗಿರಿ ಜಿಲ್ಲಾದ ಶಹಾಪುರದಾಕಿ. ಆಕಿಗೆ ಸರ್ಕಾರಿ ನೌಕರಿಯೊಳಗ ಬ್ಯಾರೆ ಮೀಸಲಾತಿ ಐತಂತ. ನಮ್ಮದೂ ಶಹಾಪುರನ ಅಲ್ಲೇನ್ರಿ? ನಮ್ಮ ಹುಡುಗಿಗೆ ಯಾಕಿಲ್ಲ?"

ಮೊದಲು ಪಗಾರದ ದಾರಿ ನೋಡೋಣ. ರಾಜ್ಯದ ತೆರಿಗೆಯ ದೊಡ್ಡ ಪಾಲು ಬೆಂಗಳೂರಿನಲ್ಲಿ ಸಂಗ್ರಹವಾಗುತ್ತದೆ. ಅದೇ ಹಣ ಖಾನಾಪುರ ತಾಲ್ಲೂಕಿನ ಹಳ್ಳಿಯ ಶಿಕ್ಷಕಿಗೆ ಪಗಾರವಾಗಿ ಬರುತ್ತದೆ. ಆಕೆ ಅಲ್ಲೇ ಬಾಡಿಗೆ ಕೊಡುತ್ತಾಳೆ, ಹಾಲು, ಕಿರಾಣಿ ತರುತ್ತಾಳೆ, ಜಂಪರ್ ಹೊಲಿಸುತ್ತಾಳೆ. ಮಳೆ ಹೋದರೂ, ಮಗ್ಗ ನಿಂತರೂ ಆ ಪಗಾರ ಬರುತ್ತದೆ. ಅಂದರೆ ಒಂದು ನೌಕರಿಯಿಂದ ಊರಿನ ಹತ್ತು ಮನೆಗೆ ಹಣ ಹರಿಯುತ್ತದೆ. ಆಕೆ ದಿನಾ ಬೆಳಗಾವಿಯಿಂದ ಬಂದುಹೋದರೆ? ಪಾಠ ಹಳ್ಳಿಗೆ, ಪಗಾರ ಪೇಟೆಗೆ! ಅದಕ್ಕೇ ಸ್ಥಳೀಯರಿಗೆ ನೌಕರಿ ಸಿಗುವುದು ಮುಖ್ಯ.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಹೈದರಾಬಾದ್ ಕರ್ನಾಟಕದ ಸ್ಥಿತಿ ಹೆಚ್ಚು ಕೆಟ್ಟಿತ್ತು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿತು. 2013ರ ಆದೇಶದಂತೆ ಆ ಭಾಗದ ಸ್ಥಳೀಯ ಹುದ್ದೆಗಳಲ್ಲಿ 'ಸಿ' ಗುಂಪಿನ ಶೇಕಡಾ 80, 'ಡಿ' ಗುಂಪಿನ ಶೇಕಡಾ 85 ಅಲ್ಲಿಯವರಿಗೇ ಮೀಸಲು. 2019ರಿಂದ ಆ ಭಾಗದ ಹೆಸರು ಕಲ್ಯಾಣ ಕರ್ನಾಟಕ. ನಮ್ಮ ಶಹಾಪುರ ಸಾಂಗಲಿ ಸಂಸ್ಥಾನದ್ದು, ಬೆಳಗಾವಿ ಮುಂಬೈ ಪ್ರಾಂತದ್ದು. ಆದ್ದರಿಂದ ನಾವು ಆ ವಿಧಿಯೊಳಗೆ ಬರುವುದಿಲ್ಲ.

ಹಾಗಾದರೆ ಸುಮ್ಮನೆ ಕೂಡಬೇಕೇ? ಬೇಡ.

1. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇದೆ. ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ಮಾಡಿಸಿಡಿ. ಅರ್ಜಿಯ ಕೊನೇ ದಿನ ಓಡಾಡಬೇಡಿ.

2. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು ಆ ಭಾಗದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ 371(ಜೆ) ಅರ್ಹತಾ ಪತ್ರ ವಿಚಾರಿಸಿ.

3. ಊರಿನ ಶಾಲೆ, ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಖಾಲಿ ಹುದ್ದೆ ಅಂದರೆ ಪಾಠವೂ ಇಲ್ಲ, ಔಷಧವೂ ಇಲ್ಲ, ಊರಿಗೆ ಬರಬೇಕಾದ ಪಗಾರವೂ ಇಲ್ಲ.

ನೌಕರಿ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಕಾಗದ ಇಲ್ಲವೆಂದು ನಮ್ಮ ಒಬ್ಬ ಮಗಳೂ ಹಿಂದೆ ಉಳಿಯಬಾರದು. ಮುಂದಿನ ಸಭೆಗೆ ಮಕ್ಕಳ ಶಾಲಾ ದಾಖಲೆ ತನ್ನಿ, ಕೂಡಿ ನೋಡೋಣ.