ಎಂಪಿ3ಯಲ್ಲಿ ಮರೆಯಾದ ತಂಬೂರಿ

ಧಾರವಾಡದ ಸಂಗೀತಪ್ರಿಯರ ಮನೆಗಳ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳ ಡಬ್ಬಿಯೊಂದು ಇರುವುದು ಸಾಮಾನ್ಯ. ನಮ್ಮ ಮನೆಯಲ್ಲಿಯೂ ಇತ್ತು. ಅದರಲ್ಲಿದ್ದ ಖಾಸಗಿ ಬೈಠಕ್ಕೊಂದರ ಧ್ವನಿಮುದ್ರಣವನ್ನು ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎಂಪಿ3 ಮಾಡಿಸಿ, ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟನ್ನು ಎಸೆದುಬಿಟ್ಟೆ. ಮುಂದೊಮ್ಮೆ ಒಳ್ಳೆಯ ಸ್ಪೀಕರಿನಲ್ಲಿ ಕೇಳಿದಾಗ ತಪ್ಪಿನ ಅರಿವಾಯಿತು. ಗಾಯಕರ ಕಂಠವೇನೋ ಇತ್ತು. ಅದರ ಹಿಂದಿನ ತಂಬೂರಿಯ ಝೇಂಕಾರ ಮಾತ್ರ ಕಲಕಿದ ನೀರಿನಂತೆ ಮಸುಕಾಗಿತ್ತು.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ದಾಖಲಿಸಲಾಗುತ್ತದೆ. ಒಂದು ಗಂಟೆಯ ಸ್ಟೀರಿಯೊ ಗಾಯನಕ್ಕೆ ಸುಮಾರು 635 ಎಂ.ಬಿ. ಬೇಕು. 128 ಕಿಲೋಬಿಟ್‌ನ ಎಂಪಿ3ಯಲ್ಲಿ ಅದೇ ಗಾಯನ 58 ಎಂ.ಬಿ.ಯೊಳಗೆ ಅಡಗುತ್ತದೆ. ದೊಡ್ಡ ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಕಿವಿಗೆ ಬೀಳದೆಂಬ ಲೆಕ್ಕಾಚಾರದಿಂದ ಉಳಿದುದನ್ನು ಕೈಬಿಡಲಾಗುತ್ತದೆ. 1990ರ ದಶಕದ ಆರಂಭದಲ್ಲಿ ಮಾನ್ಯತೆ ಪಡೆದ ಈ ವಿಧಾನ ಜಾಣತನದ್ದೇ ಸರಿ. 256 ಅಥವಾ 320 ಕಿಲೋಬಿಟ್ ಇದ್ದರೆ ಕೇಳುವುದಕ್ಕೆ ಕೊರತೆಯೇನೂ ಕಾಣದು. ಆದರೆ ಒಮ್ಮೆ ಕೈಬಿಟ್ಟದ್ದು ಮರಳಿ ಬಾರದು.

ಶ್ರುತಿಗೂಡಿದ ತಂಬೂರಿಯಲ್ಲಿ ಷಡ್ಜದ ತಂತಿಯಿಂದಲೇ ಗಾಂಧಾರ ತಾನಾಗಿ ಹೊಮ್ಮುತ್ತದೆ. ಬಿಟ್‌ಗಳ ಸಂಖ್ಯೆ ಇಳಿದಂತೆ ಮೊದಲು ಹದಗೆಡುವುದು ಇಂಥ ಸೂಕ್ಷ್ಮಗಳೇ.

ಸಂಕೋಚನ ನಮ್ಮ ಸಂಗೀತಕ್ಕೆ ಹೊಸದಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಹಾಡಿದ ಗ್ರಾಮೊಫೋನ್ ತಟ್ಟೆಗಳ ಒಂದು ಬದಿಯಲ್ಲಿ ಇಡೀ ರಾಗ ಮೂರು ನಿಮಿಷಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಮುಗಿಯಬೇಕಿತ್ತು. ಆದರೆ ಅಲ್ಲಿ ಏನನ್ನು ಬಿಡಬೇಕೆಂದು ನಿರ್ಧರಿಸಿದವರು ಕಲಾವಿದರು. ಇಂದು ಆ ನಿರ್ಧಾರ ತಂತ್ರಾಂಶದ್ದು.

ದೃಶ್ಯದ ಕಥೆಯೂ ಇದೇ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾದುದನ್ನೇ ಹೆಚ್ಚಾಗಿ ದಾಖಲಿಸುವುದರಿಂದ ಹಳೆಯ ವಿ.ಸಿ.ಡಿ.ಗಳಲ್ಲಿ ತಬಲಾವಾದಕರ ಬೆರಳುಗಳು ಚೌಕಗಳಾಗಿ ಒಡೆಯುತ್ತವೆ. ಎಂಪಿ4 ಎಂಬುದು ಕೇವಲ ಪೆಟ್ಟಿಗೆಯ ಹೆಸರು. ಗುಣ ಇರುವುದು ಒಳಗಿನ ಸಂಕೋಚನ ವಿಧಾನದಲ್ಲಿ ಹಾಗೂ ಬಿಟ್‌ಗಳ ಪ್ರಮಾಣದಲ್ಲಿ.

ಆದ್ದರಿಂದ ಅಂಗಡಿಯವರಿಗೆ ಮೊದಲು 'ವೇವ್' ರೂಪದಲ್ಲಿ ಕೊಡಿರೆಂದು ಕೇಳಬೇಕು. ಸ್ಥಳ ಸಾಲದಿದ್ದರೆ 2001ರಲ್ಲಿ ಬಂದ 'ಫ್ಲ್ಯಾಕ್' ಇದೆ; ಅದು ಏನನ್ನೂ ಕಳೆಯದೆ ಗಾತ್ರವನ್ನು ಹೆಚ್ಚೂಕಡಿಮೆ ಅರ್ಧಕ್ಕಿಳಿಸುತ್ತದೆ. ಮೊಬೈಲಿಗೆ ಬೇಕಾದ ಎಂಪಿ3ಯನ್ನು ಅದರಿಂದ ಎಷ್ಟು ಬಾರಿಯಾದರೂ ಮಾಡಿಕೊಳ್ಳಬಹುದು. ಎಂಪಿ3ಯನ್ನೇ ವೇವ್‌ಗೆ ಪರಿವರ್ತಿಸಿದರೆ ಗಾತ್ರ ಹಿಗ್ಗೀತೇ ಹೊರತು ನಾದವಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ಬೈಠಕ್ಕಿನ ಧ್ವನಿಮುದ್ರಣಕ್ಕೆ ಎರಡನೆಯ ಪ್ರತಿ ಎಲ್ಲಿಯೂ ಇಲ್ಲದಿರಬಹುದು. ನನ್ನ ಕ್ಯಾಸೆಟ್ಟು ಹೋಯಿತು. ನಿಮ್ಮ ಅಟ್ಟದ ಮೇಲಿನದು ಇನ್ನೂ ಇದ್ದೀತು.